ಆಕ್ಟಿವೇಟ್ ಆಗದ ಆಕಾಶ

ಊರಿನ ಆಕಾಶವನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಹಾಕಿದ್ದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ನೀರಿನ ಟ್ಯಾಂಕಿನ ಮೇಲ್ಗಡೆ ‘ಈ ಆಕಾಶ ಆಕ್ಟಿವೇಟ್ ಆಗಿಲ್ಲ’ ಎಂಬ ಬೂದು ಅಕ್ಷರಗಳು ಮೂಡಿದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಆಕ್ಟಿವೇಟ್ ಆಗದ ಆಕಾಶ ಬಣ್ಣ ಬದಲಿಸುವುದಿಲ್ಲ. ಸಂಜೆಯ ಹೊತ್ತಾದರೂ ನಡುಮಧ್ಯಾಹ್ನದ ನೀಲಿಯೇ ಉಳಿದಾಗ, ಆಕಾಶ ನೋಡಿಕೊಳ್ಳುವ ಇಂದುಮತಿ ಆಕ್ಟಿವೇಶನ್ ಕೀಯನ್ನು ಮತ್ತೆ ಮತ್ತೆ ಹಾಕಿ ನೋಡತೊಡಗಿದಳು.

ಮದುವೆ ಮನೆಯಿಂದ ಹೆಣ್ಣಿನ ತಂದೆ ಬಸಲಿಂಗಪ್ಪ ಓಡಿ ಬಂದರು. “ಗೋಧೂಳಿ ಮುಹೂರ್ತ ಐತಿ ತಂಗಿ! ಮಂದಿ ಅಕ್ಕಿಕಾಳು ಹಿಡಕೊಂಡು ಕುಂತಾರ. ಸಂಜಿನ ಆಗವಲ್ದು!”

“ಕೀ ಸರಿ ಐತ್ರಿ ಕಾಕಾ. ಆದ್ರೂ ಒಪ್ಪವಲ್ದು.”

ಆಗ ಅವಳಿಗೆ ನೆನಪಾಯಿತು. ‘ಆಕಾಶವನ್ನು ಸಾಗಿಸಿದ್ದೀರೋ, ನಕಲು ಮಾಡಿದ್ದೀರೋ?’ ಎಂದು ಮಷೀನು ಬೆಳಿಗ್ಗೆ ಕೇಳಿತ್ತು. ಹೊಸದು ಎಲ್ಲಿ ಕೆಟ್ಟುಹೋದೀತೋ ಎಂದು ಹಳೆಯದನ್ನೂ ಇಟ್ಟುಕೊಂಡಿದ್ದ ಇಂದುಮತಿ, ಸುಳ್ಳು ಯಾಕೆಂದು ‘ನಕಲು’ ಎಂದೇ ಒತ್ತಿದ್ದಳು. ಮಷೀನು ಹೊಸದನ್ನು ಬೇರೆಯದೇ ಆಕಾಶವೆಂದು ತಿಳಿದು ಹಳೆಯ ಕೀಯನ್ನು ತಿರಸ್ಕರಿಸಿತ್ತು.

“ಸಾಗಿಸೇನಿ ಅನ್ನಬೇಕಂದ್ರ ಹಳೇದನ್ನ ಅಳಿಸಬೇಕ್ರಿ. ಆಮ್ಯಾಲ ಇದೂ ಕೆಟ್ರ ಊರಿಗೆ ಆಕಾಶನ ಇರಂಗಿಲ್ಲ!”

ಬಸಲಿಂಗಪ್ಪ ರುಮಾಲು ಸರಿಮಾಡಿಕೊಂಡರು. “ನಾ ಇವತ್ತು ಮಗಳನ್ನ ಕೊಡಾಕತ್ತೀನಿ. ಮನ್ಯಾಗೊಂದು ನಕಲು ಇಟ್ಕೊಂಡೇನೇನವ್ವಾ? ಒತ್ತು!”

ಇಂದುಮತಿ ಹಳೆಯದನ್ನು ಅಳಿಸಿ, ಕಣ್ಣು ಮುಚ್ಚಿ ‘ಸಾಗಿಸಿದ್ದೇನೆ’ ಎಂದು ಒತ್ತಿದಳು. ಹೊರಗೆ ವಾಲಗ ಶುರುವಾಯಿತು. ಟ್ಯಾಂಕಿನ ಮೇಲಿನ ಅಕ್ಷರಗಳು ಕರಗಿ, ಪಡುವಣ ತುಂಬ ಕೆಂಪು ಚೆಲ್ಲಿತ್ತು.

“ಕೆಂಪು ಒಂಚೂರು ಜಾಸ್ತಿ ಆತೇನ್ರಿ ಕಾಕಾ?”

ಬಸಲಿಂಗಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. “ಇರ್ಲಿ ಬಿಡವ್ವಾ, ಮದುವಿ ಐತಿ!”