ನಲವತ್ತು ದಿನದ ಚಿಲ್ಲಾ

ಗಾಡಿ ಗುಂಡಿಗೆ ಇಳಿದಾಗಲೊಮ್ಮೆ ರಂಜನಾ ಚೀರುತ್ತಿದ್ದಳು. ಶಿಗ್ಗಾವಿ ದಾಟಿದ ಮೇಲೆ ಚೀರುವುದನ್ನೂ ಬಿಟ್ಟಳು. ತಾಯಿ ಸರೋಜವ್ವ ಬಗ್ಗಿ ಮಗಳ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡಿದಳು.

"ಅಕ್ಕಾ, ಇನ್ನೂ ಹೊತ್ತು ಮೀರಿಲ್ಲ. ಹೊಳ್ಳಿ ಹುಬ್ಬಳ್ಳಿ ದವಾಖಾನಿಗೆ ಹೋಗೂಣೇನು?" ಓಮ್ನಿ ಓಡಿಸುತ್ತಿದ್ದ ಅವಳ ತಮ್ಮ ರುದ್ರೇಶ ಕೇಳಿದ.

"ಅಲ್ಲೇನು ಮಾಡ್ಯಾರಂತ ಹೊಳ್ಳಿ ಹೋಗೂದು? ಸುಮ್ನ ಓಡಿಸು."

ಒಂಬತ್ತು ದಿನದ ಹಿಂದೆ ತಿಳವಳ್ಳಿಯ ಹೊಲದಿಂದ ಗೋವಿನಜೋಳದ ತೆನೆ ತುಂಬಿಕೊಂಡು ಹೊರಟ ಟ್ರೇಲರಿನ ಮೇಲಿಂದ ರಂಜನಾ ಬಿದ್ದಿದ್ದಳು. ಹತ್ತೊಂಬತ್ತರ ಹುಡುಗಿ. ಸೊಂಟದ ಬಳೆಯಂಥ ಎಲುಬು ಎರಡು ಕಡೆ ಮುರಿದಿದೆ, ಸ್ಕ್ರೂ ಹಾಕಬೇಕು ಎಂದರು ಡಾಕ್ಟರು. ಆಪರೇಷನ್ನಿಗೆ ಒಳಗೆ ಕರೆದೊಯ್ದರು. ಹೊರಗೆ ಸರೋಜವ್ವ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು.

ಮೊನ್ನೆ ಪಟ್ಟಿ ಬಿಚ್ಚಿದಾಗ ಅವಳು ಬಗ್ಗಿ ನೋಡಿದಳು. ಸೊಂಟದ ಮಗ್ಗುಲಲ್ಲಿ ಗೋವಿನಜೋಳದ ಕಾಳಿನಷ್ಟು ಎರಡು ಹೊಲಿಗೆ. ಅಷ್ಟೇ. ಪಕ್ಕದ ಮಂಚದವಳ ತೊಡೆಯನ್ನು ಗೇಣುದ್ದ ಕೊಯ್ದಿದ್ದರು. ಅವಳು ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು. ರಂಜನಾ ಮಾತ್ರ ಆರು ವಾರ ಕಾಲೂರಬಾರದಂತೆ.

"ಈಗ ಕೊಯ್ಯೂದಿಲ್ಲ ಯವ್ವಾ. ಟಿ.ವಿ.ಯಾಗ ಎಲುಬು ನೋಡಿಕೋಂತ ಸಣ್ಣ ತೂತಿನಿಂದ ಸ್ಕ್ರೂ ಕಳಿಸ್ತೇವಿ," ಎಂದು ಡಾಕ್ಟರು ಎಲುಬಿನ ಫೋಟೋ ಎತ್ತಿ ಹಿಡಿದರು. ಫೋಟೋದಲ್ಲಿ ಸ್ಕ್ರೂ ಇತ್ತು ನಿಜ. ಆದರೆ ಯಾರದೆಂದು ಗುರುತು ಹಿಡಿಯಲು ಎಲುಬಿಗೆ ಮುಖವಿರುತ್ತದೆಯೇ?

ಏನೂ ಮಾಡದೆ ಮಲಗಿಸಿದ್ದಾರೆ, ಮಗಳು ಜನ್ಮಪೂರ್ತಿ ಹಾಸಿಗೆ ಹಿಡಿಯುತ್ತಾಳೆ. ಸರೋಜವ್ವ ಹಾಗೆಂದೇ ನಂಬಿದಳು. ಇವತ್ತು ಬೆಳಗ್ಗೆ, 'ಏನಾದರೂ ನಮ್ಮದೇ ಜವಾಬ್ದಾರಿ' ಎಂಬ ಕಾಗದಕ್ಕೆ ಸಹಿ ಹಾಕಿ ಮಗಳನ್ನು ಹೊರಡಿಸಿಯೇಬಿಟ್ಟಳು.

ಸವಣೂರಿನ ಗೌಸಸಾಬರೆಂದರೆ ನಾಲ್ಕು ತಾಲೂಕಿಗೆ ಗೊತ್ತು. ಮುರಿದ ಎಲುಬಿಗೆ ಬಿದಿರ ದಬ್ಬೆ ಕಟ್ಟುವ ಮನೆತನ. ಅಜ್ಜನಿಂದ ಬಂದ ಕೈಗುಣ. ಅವರ ಕಥೆಯನ್ನು ಹಂಸಭಾವಿಯ ಸಂತೆಯಲ್ಲಿಯೂ ಹೇಳುತ್ತಾರೆ. ಎರಡು ವರ್ಷದ ಹಿಂದೆ ಔಷಧಿಯ ತೊಗಟೆ ಕೀಳಲು ಮರ ಹತ್ತಿ, ಕೆಳಗೆ ಬಿದ್ದು ಅವರದೇ ಸೊಂಟ ಮುರಿಯಿತಂತೆ. ಸಾಬರು ಚಿಲ್ಲಾ ಕೂತರಂತೆ. ಅದು ನಲವತ್ತು ದಿನ ಯಾರ ಮುಖವನ್ನೂ ನೋಡದೆ, ಬಾಗಿಲು ಹಾಕಿಕೊಂಡು ದೇವರನ್ನು ನೆನೆಯುವ ವ್ರತ. ತಮ್ಮ ಸೊಂಟವನ್ನು ತಾವೇ ಕಟ್ಟಿಕೊಂಡು, ತಾವೇ ನಡೆದು ಹೊರಗೆ ಬಂದರಂತೆ. ಅಂದಿನಿಂದ ಅವರು ನೆಲಕ್ಕೆ ಕೂತಿಲ್ಲ. ಎತ್ತರದ ಕುರ್ಚಿಯೇ ಗದ್ದಿಗೆ. ಜನ ಆ ಕುರ್ಚಿಗೂ ಕೈಮುಗಿದರು.

ಓಮ್ನಿ ನಿಂತದ್ದೇ ತಡ, ಸಾಬರು ಕುರ್ಚಿ ಬಿಟ್ಟು ಹೊರಗೆ ಬಂದರು. ಗಾಡಿಯೊಳಗೆ ಇಣುಕಿದರು.

"ಎತ್ತಬ್ಯಾಡ್ರಿ! ಕಾಲು ಮಡಚಬ್ಯಾಡ್ರಿ! ಹಲಗಿ ತರ್ರಿ."

ಹಲಗೆಯ ಮೇಲೆ ಜಾರಿಸಿ ಹುಡುಗಿಯನ್ನು ಒಳಗೆ ತಂದರು. ಸಾಬರು ಸೊಂಟವನ್ನು ಮುಟ್ಟಲೇ ಇಲ್ಲ.

"ಬೆರಳು ಅಳ್ಳಾಡಿಸು ಬೇಟಿ."

ಎರಡೂ ಪಾದದ ಬೆರಳುಗಳು ಆಡಿದವು. ಸಾಬರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿದರು.

"ಎಷ್ಟು ತೂತು?"

"ಎರಡ ಎರಡ್ರಿ ಸಾಬ್ರ. ಅವ್ರು ಏನೂ ಮಾಡೇ ಇಲ್ರಿ."

"ಮಗ್ಗಲಾಗುವಾಗ ತೊಡಿ ನಡುವ ತಲೆದಿಂಬು ಇಡ್ರಿ ಅಂದಾರೇನು? ಕುಕ್ಕರಗಾಲಿಲೆ ಕುಂದ್ರಬ್ಯಾಡ ಅಂದಾರೇನು?"

"ಅಂದಾರ್ರಿ." ಸರೋಜವ್ವ ಕೈಮುಗಿದಳು. ಹೇಳದೆಯೇ ಎಲ್ಲ ತಿಳಿದಿದ್ದಾರೆ! ಇದು ಮನುಷ್ಯರ ಕಣ್ಣಲ್ಲ, ಚಿಲ್ಲಾದ ಕಣ್ಣು.

"ಹೊಳ್ಳಿ ಕರಕೊಂಡು ಹೋಗು ತಂಗಿ. ಈಗಿಂದೀಗ. ಆಂಬುಲನ್ಸಿಗೆ ನಾ ಫೋನ್ ಹಚ್ಚತೇನಿ."

ಸರೋಜವ್ವ ಕುಸಿದು ಅವರ ಪಾದದ ಮೇಲೆ ಹಣೆಯಿಟ್ಟಳು. "ನಿಮ್ಮ ಸೊಂಟ ನೀವ ಕಟ್ಟಿಕೊಂಡ್ರಿ. ನನ್ನ ಮಗಳ ಸೊಂಟ ನಿಮಗ ಭಾರ ಆತೇನ್ರಿ?"

"ಕಟ್ಟೂದಲ್ಲ ತಂಗಿ ಇದು. ದಬ್ಬಿ ನಿಲ್ಲೂ ಜಾಗಾ ಅಲ್ಲ."

"ಹಂಗಾರ ಹಿರೇಕೆರೂರ ಕಡೆ ಇನ್ನೊಬ್ಬಾಂವ ಅದಾನಂತ. ಕಾಲು ಹಿಡದು ಎಳದು ಎಲುಬು ಕೂಡಿಸ್ತಾನಂತ. ಅಲ್ಲಿಗೆ ಹೋಗ್ತೇನಿ. ರುದ್ರೇಶಾ, ಗಾಡಿ ಚಾಲೂ ಮಾಡು!"

ರುದ್ರೇಶ ಬಾಗಿಲ ಕಡೆ ತಿರುಗಿದ. ಹಲಗೆಯ ಮೇಲಿಂದ ರಂಜನಾ, "ಅವ್ವಾ, ಸಾಕ ಮಾಡವ್ವಾ," ಎಂದು ಬಿಕ್ಕಿದಳು. ತಾಯಿಗೆ ಅದು ಕೇಳಿಸಲಿಲ್ಲ.

ಸಾಬರು ಬಾಗಿಲಿಗೆ ಅಡ್ಡ ನಿಂತರು. "ಎಳದ್ರ ಈ ಹುಡುಗಿ ಮತ್ತ ಏಳೂದಿಲ್ಲ," ಎಂದರು. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಹೆಂಡತಿ ರಮಜಾನಬಿಯನ್ನು ನೋಡಿದರು.

ರಮಜಾನಬಿ ತಲೆಯಾಡಿಸಿದಳು. "ಬ್ಯಾಡ್ರಿ. ಮೂರು ತಲಿಯಿಂದ ಬಂದ ಹೆಸರೈತಿ."

"ಹೆಸರು ಕುಂಟಿದ್ರ ಕುಂಟಲಿ. ಹುಡುಗಿ ನಡೀಬೇಕು. ಕದಾ ಹಾಕು."

ಅಗುಳಿ ಬಿತ್ತು. ಕಡೆಗೂ ಒಪ್ಪಿದರು! ಸರೋಜವ್ವ ಸೆರಗಿನಲ್ಲಿ ಕಟ್ಟಿ ತಂದಿದ್ದ ತೆಂಗಿನಕಾಯಿ, ವೀಳ್ಯದೆಲೆಯನ್ನು ಕುರ್ಚಿಯ ಮೇಲಿಟ್ಟು, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ದಬ್ಬೆಯ ಸದ್ದಿಗೆ ಕಾದಳು. ಯಾವ ಸದ್ದೂ ಬರಲಿಲ್ಲ.

"ಕಣ್ಣು ತೆರಿ ತಂಗಿ. ಯಾರ ಮುಂದೂ ಹೇಳಬ್ಯಾಡ ಅನ್ನೂದಿಲ್ಲ. ಊರಿಗೆಲ್ಲ ಹೇಳು."

ಸಾಬರು ರಂಜನಾಳ ಕಡೆ ಹೋಗಿರಲಿಲ್ಲ; ಗೋಡೆಗೆ ಒಂದು ಕೈಯೂರಿ, ಜುಬ್ಬಾದ ಅಂಚು ಎತ್ತಿ ನಿಂತಿದ್ದರು.

ಅವರ ಸೊಂಟದ ಮಗ್ಗುಲಲ್ಲಿ, ಗೋವಿನಜೋಳದ ಕಾಳಿನಷ್ಟು, ಎರಡು ಹಳೆಯ ಹೊಲಿಗೆಯ ಗುರುತು.