ಗುಂಡಿಗೆ ಕೇಳುವ ಪ್ರಶ್ನೆ

ಕೃತಕ ಗುಂಡಿಗೆ ದಿನಾ ಮುಂಜಾನೆ ಕತ್ತಿನಲ್ಲಿರುವ ಚಿಪ್ ಅನ್ನು ಕೇಳುತ್ತದೆ: 'ನೀನು ನಮ್ಮ ಕಂಪನಿಯದೇನು?' ಹೌದೆಂದರೆ ಪೂರ್ತಿ ಬಡಿತ, ಅಲ್ಲವೆಂದರೆ ಅರ್ಧ.

ಹುಬ್ಬಳ್ಳಿಯ ರಿಪೇರಿ ಅಂಗಡಿಯ ಶಾಂತವ್ವ ಅಗ್ಗದ ಚಿಪ್‌ಗಳಿಗೆ ಹೌದೆನ್ನಲು ಕಲಿಸುತ್ತಾಳೆ. ಅವಳ ಗಂಡ ಈರಣ್ಣನ ಅಗ್ಗದ ಚಿಪ್ 'ಅಲ್ಲ' ಎಂದು ನಿಜ ಹೇಳಿಯೇ ಅವನು ಸತ್ತಿದ್ದ.

ಆ ಪ್ರಶ್ನೆ ಬರೆದ ಕಟ್ಟಿ ಸಾಹೇಬರು ಅಂದು ಅವಳು ಕಾಲಿಗೆ ಬಿದ್ದರೂ ಕರಗಿರಲಿಲ್ಲ. ಇಂದು ಅವರೇ ಏದುಸಿರು ಬಿಡುತ್ತ ಬಂದಿದ್ದರು. ನಿವೃತ್ತಿಯ ದಿನವೇ ಕಂಪನಿ ಅವರ ಕತ್ತಿನಿಂದ ತನ್ನ ಚಿಪ್ ಕಿತ್ತುಕೊಂಡಿತ್ತು; ಈಗ ಅಲ್ಲಿದ್ದುದು ಅಗ್ಗದ್ದು.

"ಹೌದು ಅನ್ನೋಹಂಗ ಮಾಡಿಕೊಡವಾ ಶಾಂತವ್ವ."

ಅವಳು ಕೆಲಸ ಮುಗಿಸಿದಳು. "ಪ್ರಶ್ನೇನ ಬದಲಿ ಮಾಡೀನ್ರಿ ಸಾಹೇಬ್ರ. ಇನ್ಮ್ಯಾಲೆ ಉತ್ತರ ನೀವ ಬಾಯಿಬಿಟ್ಟು ಹೇಳಬೇಕು."

ಗುಂಡಿಗೆ ಕೇಳಿತು: 'ಈರಣ್ಣನನ್ನು ಕೊಂದವರು ಯಾರು?'

ಕಟ್ಟಿಯವರು ಗೋಡೆ ಹಿಡಿದು ನಿಂತರು. ಉಸಿರು ಸಿಕ್ಕಿಕೊಂಡಾಗ "ನಾನು" ಎಂದರು. ಬಡಿತ ಪೂರ್ತಿಯಾಯಿತು.

"ದಿನಾ ಮುಂಜಾನೆ ಕೇಳ್ತದ್ರಿ," ಎಂದಳು ಶಾಂತವ್ವ. "ಜೋರಾಗಿ ಹೇಳ್ರಿ, ಮನ್ಯಾಗಿನವರಿಗೂ ಕೇಳ್ಲಿ."