ತೊಳೆದಿಟ್ಟ ತಟ್ಟೆ

"ನನ್ನ ಮುಂದ ಕುಂತು ತಿನ್ನು, ಭೂಮಿಕಾ. ಇಲ್ಲಾಂದ್ರ ಈ ಬಾಗಲಾನ ಕಿತ್ತ ಒಗೀತೀನಿ." ನೀಲವ್ವ ಮಗಳ ಊಟದ ಗೂಡಿಗೆ ಅಡ್ಡ ನಿಂತಿದ್ದಳು.

"ನಾಚಿಕಿ ಇಲ್ಲೇನವ್ವಾ ನಿನಗ? ಮಂದಿ ಕೇಳಿದ್ರ ಏನಂದಾರು?"

ಎಂಜಲಿನ ರೋಗ ಬಂದಾಗಿನಿಂದ ಎಲ್ಲರೂ ಒಬ್ಬರೇ ಕೂರುವಷ್ಟು ಪುಟ್ಟ ಗೂಡಿನೊಳಗೆ ಬಾಗಿಲು ಹಾಕಿಕೊಂಡೇ ಉಣ್ಣುತ್ತಿದ್ದರು. ಇನ್ನೊಬ್ಬರ ಎದುರು ತಿನ್ನುವುದೆಂದರೆ ಬಟ್ಟೆ ಬಿಚ್ಚಿ ನಿಂತಷ್ಟೇ ಹೇಸಿಗೆ. ಮಗಳ ತಟ್ಟೆ ದಿನವೂ ಖಾಲಿಯಾಗಿ, ತೊಳೆದು ಹೊರಗೆ ಬರುತ್ತಿತ್ತು. ಅದನ್ನು ಕಂಡು ನೀಲವ್ವ ಹಿಗ್ಗುತ್ತಿದ್ದಳು. ಇವತ್ತು ಭೂಮಿಕಾ ಕೈಯೆತ್ತಿದಾಗ ಬಳೆಗಳು ಮೊಣಕೈವರೆಗೆ ಜಾರಿದವು. ಗೂಡಿನ ಕಿಟಕಿಯ ಕೆಳಗೆ ಬೀದಿನಾಯಿ ಹಂದಿಯಂತೆ ಕೊಬ್ಬಿ ಮಲಗಿತ್ತು.

"ನಾಯಿಗೆ ಹಾಕಾಕ ನಾ ರೊಟ್ಟಿ ಬಡೀತೀನೇನು?" ಎಂದವಳೇ ನೀಲವ್ವ ಮಾಸ್ಕ್ ಕಿತ್ತೆಸೆದು, ರೊಟ್ಟಿ ಮುರಿದು ಮಗಳ ಎದುರೇ ಅಗಿದಳು. "ನೋಡು, ಹಿಂಗ ತಿನ್ನೂದು. ಒಂದ ತುತ್ತು ತಿನ್ನು, ನನ್ನ ಕೂಸ."

ಮನುಷ್ಯರು ಅಗಿಯುವುದನ್ನು ಭೂಮಿಕಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವ್ವನ ಬಾಯನ್ನೇ ದಿಟ್ಟಿಸಿದಳು, ಆಮೇಲೆ ಓಕರಿಸಿದಳು.

"ಥೂ. ಇದಕ್ಕ ನೋಡು, ನಾ ತಿನ್ನಾಕ ಒಲ್ಲೆ ಅನ್ನೂದು," ಎಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಅವತ್ತು ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಊಟದ ಹೊತ್ತಿಗೆ ನಾಯಿ ಮಾತ್ರ ತಪ್ಪದೆ ಬಂದು ಕಿಟಕಿಯತ್ತ ಮುಖವೆತ್ತಿ ಕೂರುತ್ತಿತ್ತು.